ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕರೆದು ಪ್ರಶ್ನೆ ಕೇಳುವುದರಿಂದ ಮತದಾರರಿಗೆ ಏನು ಸಿಗುತ್ತದೆ?

ಬಡಾವಣೆಯ ಮತದಾರ, ಬೆಂಗಳೂರು

2023ರ ಮೇ 10ರಂದು ನಡೆದ ವಿಧಾನಸಭಾ ಚುನಾವಣೆಗೆ ಹತ್ತು ದಿನ ಮೊದಲು, ನಮ್ಮ ಬಡಾವಣೆಯ ನಿವಾಸಿಗಳೆಲ್ಲ ಸೇರಿ ಕ್ಷೇತ್ರದ ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕರೆಸುವ ಪ್ರಯತ್ನ ಮಾಡಿದ್ದೆವು. ಕಲ್ಯಾಣ ಮಂಟಪವೊಂದರ ಊಟದ ಹಾಲನ್ನು ಬಾಡಿಗೆಗೆ ಪಡೆದು ಮುನ್ನೂರು ಕುರ್ಚಿ ಹಾಕಿಸಿ, ಐವರು ಅಭ್ಯರ್ಥಿಗಳ ಮನೆಗೆ ಹೋಗಿ ಕೈಯಾರೆ ಆಹ್ವಾನ ಪತ್ರ ಕೊಟ್ಟು ಬಂದೆವು. ಬಂದವರು ಮೂವರು. ಒಬ್ಬರಿಂದ ಉತ್ತರವೇ ಬರಲಿಲ್ಲ. ಗೆಲ್ಲುತ್ತಾರೆಂದು ಎಲ್ಲರೂ ಹೇಳುತ್ತಿದ್ದ ಅಭ್ಯರ್ಥಿಯ ಪರವಾಗಿ ಬೆಂಬಲಿಗರೊಬ್ಬರು ಬಂದು, ವೇದಿಕೆಯ ಮೇಲೆ ನಿಂತು ಕೈಮುಗಿದು, "ಅಣ್ಣನವರು ರೋಡ್ ಶೋದಲ್ಲಿದ್ದಾರೆ, ನಿಮ್ಮ ಆಶೀರ್ವಾದ ಇರಲಿ" ಎಂದಷ್ಟೇ ಹೇಳಿ ಇಳಿದು ಹೋದರು. ಹೆಸರಿನ ಫಲಕವಿದ್ದ ಅವರ ಕುರ್ಚಿಯನ್ನು ನಾವು ಕಡೆಯವರೆಗೂ ಖಾಲಿಯಾಗಿಯೇ ಇಟ್ಟೆವು.

ಸಭೆಯ ನಡುವೆ, ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ತಾಯಿಯೊಬ್ಬರು ಎದ್ದು, ನಲ್ಲಿ ಹಾಕಿ ಮೀಟರ್ ಕೂರಿಸಿ ಎರಡು ವರ್ಷವಾದರೂ ಅದರ ಮುಳ್ಳು ತಿರುಗಿದ್ದನ್ನು ತಾವು ನೋಡಿಲ್ಲವೆಂದೂ, ನೀರು ಯಾವಾಗ ಬರುತ್ತದೆಂದೂ ಕೇಳಿದರು. ಇಬ್ಬರು ಅಭ್ಯರ್ಥಿಗಳು ತಡವಿಲ್ಲದೆ "ಆರು ತಿಂಗಳೊಳಗೆ" ಎಂದರು. ಮೂರನೆಯವರು ಸ್ವಲ್ಪ ಹೊತ್ತು ಯೋಚಿಸಿ, "ಅಮ್ಮಾ, ತಿಂಗಳು ಹೇಳುವ ಅಧಿಕಾರ ಶಾಸಕನಿಗಿಲ್ಲ, ಸದನದಲ್ಲಿ ಕೇಳುವುದು, ಅಧಿಕಾರಿಗಳನ್ನು ನಿಮ್ಮ ಮುಂದೆ ಕರೆತರುವುದು, ಇವೆರಡನ್ನು ನಾನು ಮಾಡಬಲ್ಲೆ" ಎಂದರು. ಅಂದು ಹೆಚ್ಚು ಚಪ್ಪಾಳೆ ಬಿದ್ದದ್ದು ಅವರಿಗೇ. ಮತ ಎಣಿಕೆಯಲ್ಲಿ ಅವರಿಗೆ ಠೇವಣಿಯೂ ಉಳಿಯಲಿಲ್ಲ. ಗೆದ್ದವರು ಸಭೆಗೆ ಬಾರದಿದ್ದ ಅಭ್ಯರ್ಥಿ.

ಈಗ ಪಾಲಿಕೆ ಚುನಾವಣೆಗೆ ಮತ್ತೆ ಇಂಥದೇ ಸಭೆ ಮಾಡೋಣವೆಂದು ಕೆಲವರೂ, ವ್ಯರ್ಥ ಶ್ರಮವೆಂದು ಹಲವರೂ ವಾದಿಸುತ್ತಿದ್ದಾರೆ. ನಿಮ್ಮೂರಿನ ಅನುಭವವೇನು, ತಿಳಿಸಿ.

ಅರ್ಥಗಾರಿಕೆ ಪ್ರಿಯ, ಉಡುಪಿ

ನನ್ನ ಅಭಿಪ್ರಾಯದಲ್ಲಿ ಇದು ವ್ಯರ್ಥ ಮಾತ್ರವಲ್ಲ, ಸ್ವಲ್ಪ ಅಪಾಯವೂ ಹೌದು. ನಮ್ಮ ಕರಾವಳಿಯಲ್ಲಿ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಕೇಳಿ ಬೆಳೆದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಕೌರವನ ಪಾತ್ರಕ್ಕೆ ಒಳ್ಳೆಯ ಅರ್ಥಧಾರಿ ಸಿಕ್ಕಿದನೆಂದರೆ, ನಡುರಾತ್ರಿಯ ಹೊತ್ತಿಗೆ ಸಭೆಯ ಅರ್ಧ ಜನ ಕೌರವನ ಪರವಾಗಿ ತಲೆದೂಗುತ್ತಿರುತ್ತಾರೆ. ಅದು ಕಲೆಯ ಹಿರಿಮೆ, ಅದಕ್ಕಾಗಿಯೇ ನಾವು ನಿದ್ದೆಗೆಟ್ಟು ಕೇಳುತ್ತೇವೆ. ಆದರೆ ಚುನಾವಣೆಯಲ್ಲಿ ಅದೇ ಅಳತೆಗೋಲನ್ನು ಹಿಡಿದರೆ ಮಾತುಗಾರನಷ್ಟೇ ಗೆಲ್ಲುತ್ತಾನೆ. ನಮ್ಮ ಊರಿನಲ್ಲಿ ನಾಲ್ಕು ವಾಕ್ಯ ನೆಟ್ಟಗೆ ಮಾತನಾಡಲು ಬಾರದ ಒಬ್ಬ ಹಿರಿಯರು ಸದಸ್ಯರಾಗಿದ್ದಾಗ ಆದ ಕೆಲಸ, ಆಮೇಲೆ ಬಂದ ಯಾವ ವಾಗ್ಮಿಯ ಕಾಲದಲ್ಲೂ ಆಗಲಿಲ್ಲ.

ಹಳೇ ಮೇಷ್ಟ್ರು, ತುಮಕೂರು

ಉಡುಪಿಯವರ ಮಾತಿಗೆ ಅಮೆರಿಕದ ಇತಿಹಾಸವೇ ಸಾಕ್ಷಿಯಾಗಿದೆ. 1960ರ ಸೆಪ್ಟೆಂಬರ್ 26ರಂದು ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳಾದ ಕೆನಡಿ ಮತ್ತು ನಿಕ್ಸನ್ ಟಿವಿಯಲ್ಲಿ ಮೊದಲ ಬಾರಿಗೆ ಎದುರುಬದುರಾದರು. ಮಂಡಿಯ ಸೋಂಕಿನಿಂದ ಆಸ್ಪತ್ರೆ ಸೇರಿ ಬಂದಿದ್ದ ನಿಕ್ಸನ್ ಸೊರಗಿ ಕಾಣುತ್ತಿದ್ದರು. ರೇಡಿಯೊದಲ್ಲಿ ಕೇಳಿದವರು ನಿಕ್ಸನ್ ಗೆದ್ದರೆಂದರು, ಟಿವಿಯಲ್ಲಿ ನೋಡಿದವರು ಕೆನಡಿ ಗೆದ್ದರೆಂದರು. ಮುಖ ನೋಡಿ ಮಣೆ ಹಾಕುವುದೆಂದರೆ ಇದೇ.

ಅಂಕಿಅಂಶ ನೋಡುವವ, ಹುಬ್ಬಳ್ಳಿ

ಮೇಷ್ಟ್ರೇ, ಕ್ಷಮಿಸಿ, ಇದನ್ನು ತಿದ್ದಲೇಬೇಕು. ರೇಡಿಯೊ ಕೇಳಿದವರು ಒಂದು ಬಗೆ, ಟಿವಿ ನೋಡಿದವರು ಇನ್ನೊಂದು ಬಗೆ ಎಂಬ ಕಥೆ ನಿಂತಿರುವುದು ಮುಖ್ಯವಾಗಿ ಒಂದೇ ಒಂದು ಸಮೀಕ್ಷೆಯ ಮೇಲೆ, ಅದರಲ್ಲಿ ರೇಡಿಯೊ ಕೇಳಿದವರ ಸಂಖ್ಯೆ ತೀರ ಚಿಕ್ಕದು. ಅಂದು ರೇಡಿಯೊ ನೆಚ್ಚಿಕೊಂಡಿದ್ದ ಗ್ರಾಮೀಣರಲ್ಲಿ ಬಹಳ ಜನ ಮೊದಲೇ ನಿಕ್ಸನ್ ಕಡೆಗಿದ್ದಿರಬಹುದೆಂಬ ಆಕ್ಷೇಪವೂ ಇದೆ. ಹೀಗಾಗಿ ಅದನ್ನು ಸಾಕ್ಷಿಯೆಂದು ಹಿಡಿಯುವುದು ಕಷ್ಟ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಕ್ಯಾರೊಲಿನ್ ಲೆ ಪೆನೆಕ್ ಮತ್ತು ವಿನ್ಸೆಂಟ್ ಪಾನ್ಸ್ ಎಂಬ ಸಂಶೋಧಕರು ಹತ್ತು ದೇಶಗಳ 62 ಚುನಾವಣೆಗಳನ್ನೂ 56 ಟಿವಿ ಚರ್ಚೆಗಳನ್ನೂ ಪರಿಶೀಲಿಸಿ, ಪ್ರಚಾರದ ದಿನಗಳಲ್ಲಿ ಬಹಳಷ್ಟು ಮತದಾರರು ಮನಸ್ಸು ಬದಲಿಸುತ್ತಾರಾದರೂ ಅದಕ್ಕೆ ಟಿವಿ ಚರ್ಚೆ ಕಾರಣವೆಂದು ಹೇಳಲು ಆಧಾರ ಕಾಣುವುದಿಲ್ಲ ಎಂಬ ನಿರ್ಧಾರಕ್ಕೆ ಬಂದರು. ಬ್ರಿಟನ್ನಿನಲ್ಲಿ 2010ರಲ್ಲಿ ಮೊದಲ ಸಲ ನಾಯಕರ ಟಿವಿ ಚರ್ಚೆಗಳು ನಡೆದಾಗ ಲಿಬರಲ್ ಡೆಮಾಕ್ರಟ್ ಪಕ್ಷದ ನಾಯಕ ನಿಕ್ ಕ್ಲೆಗ್ ಅವರನ್ನು ದೇಶವೇ ಹೊಗಳಿತು, ಆದರೆ ಅವರ ಪಕ್ಷದ ಸ್ಥಾನಗಳು 62ರಿಂದ 57ಕ್ಕೆ ಇಳಿದವು. ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಗಳ 2024ರ ಸೆಪ್ಟೆಂಬರ್ 10ರ ಚರ್ಚೆಯಲ್ಲಿ ಕಮಲಾ ಹ್ಯಾರಿಸ್ ಮೇಲುಗೈ ಸಾಧಿಸಿದರೆಂದು ಹೆಚ್ಚಿನ ಸಮೀಕ್ಷೆಗಳು ಹೇಳಿದವು, ನವೆಂಬರ್‌ನಲ್ಲಿ ಗೆದ್ದವರು ಟ್ರಂಪ್.

ಬಡಾವಣೆಯ ಮತದಾರ, ಬೆಂಗಳೂರು

ಹಾಗಾದರೆ ನಮ್ಮ ಸಭೆ ವ್ಯರ್ಥವೆಂದೇ ಹೇಳುತ್ತಿದ್ದೀರಾ?

ಅಂಕಿಅಂಶ ನೋಡುವವ, ಹುಬ್ಬಳ್ಳಿ

ಖಂಡಿತ ಇಲ್ಲ. ಆ ದೇಶಗಳ ಮತದಾರರಿಗೆ ಚರ್ಚೆಗೆ ಮೊದಲೇ ನಾಯಕರು ಯಾರೆಂದು ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ 2012ರ ಸಂಸತ್ ಚುನಾವಣೆಯನ್ನು ನೋಡಬೇಕು. ಅಲ್ಲಿ ಕ್ಷೇತ್ರದ ಅಭ್ಯರ್ಥಿಗಳ ಚರ್ಚೆಯನ್ನು ಚಿತ್ರೀಕರಿಸಿ, ಪರದೆ ಮತ್ತು ಪ್ರೊಜೆಕ್ಟರ್ ಹೊತ್ತು ಹಳ್ಳಿಹಳ್ಳಿಗೆ ಹೋಗಿ ತೋರಿಸಿದರು. ಹೋಲಿಸಿ ನೋಡಲೆಂದು ಕೆಲವು ಮತಗಟ್ಟೆಗಳ ವ್ಯಾಪ್ತಿಯಲ್ಲಿ ತೋರಿಸಲಿಲ್ಲ. ತೋರಿಸಿದ ಕಡೆ ಜನರಿಗೆ ಅಭ್ಯರ್ಥಿಗಳ ನಿಲುವು, ಶಾಸಕರ ಕೆಲಸ, ಕ್ಷೇತ್ರಾಭಿವೃದ್ಧಿ ನಿಧಿ ಇವುಗಳ ತಿಳಿವಳಿಕೆ ಹೆಚ್ಚಾಯಿತು, ಚರ್ಚೆಯಲ್ಲಿ ಚೆನ್ನಾಗಿ ಉತ್ತರಿಸಿದವರಿಗೆ ಮತಗಳೂ ಹೆಚ್ಚಿದವು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಚುನಾವಣೆ ಮುಗಿದ ಮೇಲೆ ನಡೆದದ್ದು. ಚರ್ಚೆಯಲ್ಲಿ ಭಾಗವಹಿಸಿ ಗೆದ್ದವರು, ಚರ್ಚೆ ನಡೆಯದ ಕ್ಷೇತ್ರಗಳಿಂದ ಗೆದ್ದವರಿಗಿಂತ ಹೆಚ್ಚು ಸಲ ಕ್ಷೇತ್ರಕ್ಕೆ ಬಂದರು, ಕ್ಷೇತ್ರಾಭಿವೃದ್ಧಿ ನಿಧಿಯನ್ನೂ ಹೆಚ್ಚು ಸರಿಯಾಗಿ ಖರ್ಚು ಮಾಡಿದರು. ನಮ್ಮ ರಾಜ್ಯದಲ್ಲಿ ಒಬ್ಬೊಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರಿಗೆ 5 ಕೋಟಿ ರೂಪಾಯಿ ಇಂಥ ನಿಧಿಯಿದೆ. ಅದರ ಬಗ್ಗೆ ಅಭ್ಯರ್ಥಿಯನ್ನು ನೇರವಾಗಿ ಕೇಳಿದ ಸಭೆಯನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಪಾಲಿಕೆ ಚುನಾವಣೆಯಲ್ಲಿ ಅಭ್ಯರ್ಥಿಯ ಹೆಸರೇ ಹೊಸದಾಗಿರುತ್ತದೆ, ಆದ್ದರಿಂದ ಅದು ಬ್ರಿಟನ್ನಿಗಿಂತ ಸಿಯೆರಾ ಲಿಯೋನ್‌ಗೆ ಹತ್ತಿರ.

ಹಳೇ ಮೇಷ್ಟ್ರು, ತುಮಕೂರು

ತಿದ್ದಿದ್ದಕ್ಕೆ ಧನ್ಯವಾದ. ಮೂವತ್ತು ವರ್ಷ ತರಗತಿಯಲ್ಲಿ ಆ ಕಥೆಯನ್ನೇ ಹೇಳುತ್ತ ಬಂದಿದ್ದೆ. ನಿಮ್ಮ ಸಿಯೆರಾ ಲಿಯೋನ್ ಉದಾಹರಣೆ ನನ್ನ ಅಭಿಪ್ರಾಯವನ್ನು ಅರ್ಧದಷ್ಟಾದರೂ ಬದಲಿಸಿದೆ.

ಕೊಪ್ಪಳದ ರೈತ

ನಗರದವರು ದೂರದ ದೇಶಗಳ ಲೆಕ್ಕ ಹೇಳುತ್ತಿದ್ದೀರಿ, ಹಳ್ಳಿಯ ಮಾತನ್ನೂ ಕೇಳಿ. ನಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ, ಅಭ್ಯರ್ಥಿ ಯಾರ ಮಗ, ಯಾರ ಅಳಿಯ, ಯಾರ ಹೊಲದ ಬದು ಒತ್ತಿದ್ದಾನೆ ಎಂಬುದೆಲ್ಲ ಮೊದಲೇ ತಿಳಿದಿರುತ್ತದೆ. ಹಿಂದಿನ ರಾತ್ರಿ ಕೈಗೆ ನೋಟು ಬಂದ ಮೇಲೆ ಕಟ್ಟೆಯ ಮೇಲಿನ ಯಾವ ಪ್ರಶ್ನೋತ್ತರವೂ ನಿಲ್ಲುವುದಿಲ್ಲ. ಜಾತಿ, ದುಡ್ಡು, ಹಳೆಯ ಜಗಳ ಈ ಮೂರನ್ನು ದಾಟಿ ಒಂದು ಮತವಾದರೂ ಚರ್ಚೆಯಿಂದ ತಿರುಗುತ್ತದೆಂದು ನನಗೆ ಅನಿಸುವುದಿಲ್ಲ.

ಮಾಜಿ ಪಂಚಾಯಿತಿ ಸದಸ್ಯೆ, ಹಾಸನ ಜಿಲ್ಲೆ

ಕೊಪ್ಪಳದ ಅಣ್ಣನವರ ಮಾತಿನಲ್ಲಿ ಮುಕ್ಕಾಲು ಪಾಲು ಸತ್ಯವಿದೆ, ಉಳಿದ ಕಾಲು ಪಾಲನ್ನು ನಾನು ಅನುಭವಿಸಿದ್ದೇನೆ.

2020ರ ಡಿಸೆಂಬರ್ ಚುನಾವಣೆಯಲ್ಲಿ ನಾನು ಮಹಿಳಾ ಮೀಸಲು ಸ್ಥಾನಕ್ಕೆ ನಿಂತಿದ್ದೆ. ಮತದಾನಕ್ಕೆ ನಾಲ್ಕು ದಿನವಿದ್ದಾಗ ಸ್ವಸಹಾಯ ಸಂಘದ ಹೆಂಗಸರು, ನಿಂತಿದ್ದ ನಾವು ಮೂವರನ್ನೂ ಅರಳಿಕಟ್ಟೆಗೆ ಕರೆದು ಕೂರಿಸಿದರು. ಮೊದಲ ಪ್ರಶ್ನೆ ನನಗೇ ಬಂತು. ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಎಂಟು ತಿಂಗಳಾಗಿದೆ, ಅದನ್ನು ಏನು ಮಾಡುತ್ತೀ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮೈದುನ ಎದ್ದು ಉತ್ತರ ಹೇಳಲು ಶುರುಮಾಡಿದರು. ಸಾಲಿನ ಕೊನೆಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಕುಟ್ಟಿ, "ನಾವು ಕೇಳಿದ್ದು ಅವಳನ್ನ, ನಿನ್ನನ್ನಲ್ಲ ಕಣಪ್ಪ, ಕೂತ್ಕೊ" ಎಂದರು. ಅವರು ಕುಳಿತರು. ನನ್ನ ಗಂಟಲು ಒಣಗಿತ್ತು, ಮಾತು ತಡವರಿಸಿತು, ಆದರೂ ಅಧಿಕಾರ ವಹಿಸಿಕೊಂಡ ಮೂರು ತಿಂಗಳೊಳಗೆ ಘಟಕದ ದುರಸ್ತಿ ವಿಷಯವನ್ನು ಸಾಮಾನ್ಯ ಸಭೆಯ ನಡಾವಳಿಗೆ ತರುತ್ತೇನೆಂದು ಹೇಳಿದೆ.

ಗೆದ್ದ ಮೇಲೆ ಮೊದಲ ಗ್ರಾಮಸಭೆಯಲ್ಲಿ ಅದೇ ಅಜ್ಜಿ ಬಂದು ಮುಂದೆಯೇ ಕುಳಿತರು. ಏನೂ ಕೇಳಲಿಲ್ಲ, ನನ್ನ ಮುಖವನ್ನಷ್ಟೇ ನೋಡುತ್ತಿದ್ದರು. ಘಟಕ ಸರಿಯಾಗಲು ಐದು ತಿಂಗಳು ಹಿಡಿಯಿತು. ಕಟ್ಟೆಯ ಮೇಲೆ ಆ ಮಾತು ಆಡಿರದಿದ್ದರೆ ಒಂದು ವರ್ಷವಾದರೂ ಆಗುತ್ತಿರಲಿಲ್ಲವೆಂದು ನಾನು ಎದೆ ಮುಟ್ಟಿ ಹೇಳಬಲ್ಲೆ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಆ ಸ್ಥಾನಕ್ಕೆ ನಿಂತವಳು ಸ್ವತಃ ಮಾತನಾಡುತ್ತಾಳೋ, ಅವಳ ಹೆಸರಿನಲ್ಲಿ ಬೇರೆಯವರು ಆಡಳಿತ ಮಾಡುತ್ತಾರೋ ಎಂಬುದು ಮತದಾನಕ್ಕೆ ಮೊದಲೇ ಗೊತ್ತಾಗಬೇಕಾದರೆ ಇದಕ್ಕಿಂತ ನೇರವಾದ ದಾರಿ ನನಗೆ ತೋರುವುದಿಲ್ಲ.

ಕೊಪ್ಪಳದ ರೈತ

ಅಕ್ಕ, ಈ ಮಾತು ಒಪ್ಪಿದೆ. ಮತ ತಿರುಗದಿದ್ದರೂ ಗೆದ್ದವರ ನಡತೆ ತಿರುಗಬಹುದೆಂಬುದನ್ನು ನಾನು ಯೋಚಿಸಿರಲಿಲ್ಲ.

ಅರ್ಥಗಾರಿಕೆ ಪ್ರಿಯ, ಉಡುಪಿ

ತಡವರಿಸಿದ ಮಾತು ಇಲ್ಲಿ ಗೆದ್ದಿದೆ ಎಂಬುದು ನಿಜ. ಆದರೆ ಅದು ಕಟ್ಟೆಯ ಮೇಲಿನ ಸಭೆ, ಪರಸ್ಪರ ಪರಿಚಯವಿದ್ದವರ ನಡುವೆ ನಡೆದದ್ದು. ಟಿವಿ ಸ್ಟುಡಿಯೊದಲ್ಲಿ ನಾಲ್ವರು ಒಟ್ಟಿಗೆ ಕಿರುಚುವುದನ್ನೂ ಚರ್ಚೆಯೆಂದೇ ಕರೆಯುತ್ತಾರಲ್ಲ, ನನ್ನ ಆಕ್ಷೇಪ ಅದಕ್ಕೆ.

ಮಿಶಿಗನ್ ಕನ್ನಡತಿ

ಅದು ಚರ್ಚೆಯ ದೋಷವಲ್ಲ, ಏರ್ಪಾಡಿನ ದೋಷ. 2020ರ ಸೆಪ್ಟೆಂಬರ್ 29ರಂದು ಟ್ರಂಪ್ ಮತ್ತು ಬೈಡನ್ ನಡುವಿನ ಮೊದಲ ಚರ್ಚೆ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಕೇಳಲಾಗದಂತಾಗಿತ್ತು. ಅಕ್ಟೋಬರ್ 22ರ ಚರ್ಚೆಯಲ್ಲಿ, ಒಬ್ಬರು ತಮಗೆ ಸಿಕ್ಕ ಮೊದಲ ಎರಡು ನಿಮಿಷ ಮಾತನಾಡುವಾಗ ಇನ್ನೊಬ್ಬರ ಮೈಕು ಬಂದ್ ಮಾಡಿದರು, ಅಷ್ಟರಿಂದಲೇ ಬಹಳ ಸುಧಾರಿಸಿತು.

ನಾನು ಹೆಚ್ಚು ಕಲಿತದ್ದು ಇಲ್ಲಿನ ಸಣ್ಣ ಚುನಾವಣೆಗಳಿಂದ. ನಮ್ಮೂರ ಶಾಲಾ ಮಂಡಳಿಯ ಅಭ್ಯರ್ಥಿಗಳ ಸಭೆ ಗ್ರಂಥಾಲಯದ ಕೋಣೆಯಲ್ಲಿ ನಡೆಯುತ್ತದೆ. ಬಾಗಿಲಲ್ಲೇ ಒಂದು ಚೀಟಿ ಮತ್ತು ಪೆನ್ಸಿಲ್ ಕೊಡುತ್ತಾರೆ. ಬರೆದು ಕೊಟ್ಟ ಪ್ರಶ್ನೆಗಳನ್ನು ಯಾವ ಪಕ್ಷಕ್ಕೂ ಸೇರದ ಮೂವರು ಕುಳಿತು ವಿಂಗಡಿಸಿ, ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸುತ್ತಾರೆ. ಒಂದೇ ಪ್ರಶ್ನೆಗೆ ಎಲ್ಲ ಅಭ್ಯರ್ಥಿಗಳೂ ಉತ್ತರಿಸಬೇಕು, ಪ್ರತಿ ಸಲವೂ ಮೊದಲು ಮಾತನಾಡುವವರು ಬದಲಾಗುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತ ಹುಡುಗಿಯೊಬ್ಬಳು 30 ಸೆಕೆಂಡ್ ಉಳಿದಾಗ ಹಳದಿ ಫಲಕವನ್ನೂ ಮುಗಿದಾಗ ಕೆಂಪು ಫಲಕವನ್ನೂ ಎತ್ತುತ್ತಾಳೆ. ಕೂಗಾಟಕ್ಕೆ ಎಡೆಯೇ ಇರುವುದಿಲ್ಲ.

ಇಂಥ ಸಭೆಗಳನ್ನು ಊರೂರಲ್ಲಿ ನಡೆಸುವ ಲೀಗ್ ಆಫ್ ವಿಮೆನ್ ವೋಟರ್ಸ್ ಎಂಬ ಸಂಸ್ಥೆ 1976, 1980 ಮತ್ತು 1984ರಲ್ಲಿ ಅಧ್ಯಕ್ಷೀಯ ಚರ್ಚೆಗಳನ್ನೂ ಏರ್ಪಡಿಸಿತ್ತು. 1988ರಲ್ಲಿ ಎರಡೂ ಪಕ್ಷಗಳ ಪ್ರಚಾರ ತಂಡಗಳು ಒಳಗೊಳಗೇ ಕುಳಿತು ಚರ್ಚೆ ಹೇಗೆ ನಡೆಯಬೇಕೆಂಬುದನ್ನೆಲ್ಲ ತಾವೇ ನಿರ್ಧರಿಸಿಕೊಂಡಾಗ ಆ ಸಂಸ್ಥೆ ಹಿಂದೆ ಸರಿಯಿತು. ಏರ್ಪಾಡಿನ ಲಗಾಮು ಅಭ್ಯರ್ಥಿಗಳ ಕೈಗೆ ಹೋದರೆ ಅಲ್ಲಿಗೆ ಮುಗಿಯಿತು.

ಬಡಾವಣೆಯವರಿಗೆ ಒಂದು ಮಾತು. ಖಾಲಿ ಕುರ್ಚಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಬಾರದವರನ್ನು ಅದು ಹೀಯಾಳಿಸಿದಂತಾಗುತ್ತದೆ, ಮುಂದಿನ ಸಲ ಅವರು ಬರುವ ಸಾಧ್ಯತೆಯೂ ಹೋಗುತ್ತದೆ.

ಬಡಾವಣೆಯ ಮತದಾರ, ಬೆಂಗಳೂರು

ಹೀಯಾಳಿಸುವ ಉದ್ದೇಶ ನಮಗಿರಲಿಲ್ಲ ಅಕ್ಕ. ಕರೆದಿದ್ದೆವು, ಬರಲಿಲ್ಲ ಎಂಬುದು ಜನರಿಗೆ ತಿಳಿಯಬೇಡವೇ? ಮತ ಕೇಳಲು ಮನೆಬಾಗಿಲಿಗೆ ಬರುವವರು ಉತ್ತರ ಹೇಳಲು ಅರ್ಧ ಗಂಟೆ ಬರಲಾರದಿದ್ದರೆ, ಆ ಸಂಗತಿಯನ್ನು ಮುಚ್ಚಿಡುವ ಹೊಣೆ ನಮ್ಮದಲ್ಲ.

ವಕೀಲರ ಮಾತು, ಧಾರವಾಡ

ತಿಳಿಸುವುದು ತಪ್ಪಲ್ಲ. ಆಹ್ವಾನ ಯಾವ ದಿನ ಕೊಟ್ಟಿರಿ, ಉತ್ತರ ಏನು ಬಂತು ಎಂಬುದನ್ನು ನಿರೂಪಕರು ಒಂದೇ ವಾಕ್ಯದಲ್ಲಿ ಓದಿದರೆ ಸಾಕು. ಆದರೆ ಒಬ್ಬರೇ ಅಭ್ಯರ್ಥಿ ಬಂದರೆ ಸಭೆಯನ್ನು ರದ್ದುಮಾಡಿ. ಅಮೆರಿಕದ ಒಕ್ಕೂಟ ಚುನಾವಣೆಗಳ ನಿಯಮದಲ್ಲೂ ಕನಿಷ್ಠ ಇಬ್ಬರು ಇರಲೇಬೇಕು, ಏಕೆಂದರೆ ಒಬ್ಬರೇ ಇದ್ದರೆ ಅದು ಚರ್ಚೆಯಲ್ಲ, ಪ್ರಚಾರ ಸಭೆ.

ನಮ್ಮ ಕಾನೂನಿನ ಬಗ್ಗೆಯೂ ಒಂದಿಷ್ಟು ಹೇಳಬೇಕು. ವಿಧಾನಸಭೆ ಮತ್ತು ಲೋಕಸಭೆಯ ಚುನಾವಣೆಗಳಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಮಿನಂತೆ ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಇಂಥ ಸಭೆಗಳು ಮುಗಿದಿರಬೇಕು. ಪಾಲಿಕೆ ಚುನಾವಣೆ ರಾಜ್ಯ ಚುನಾವಣಾ ಆಯೋಗದ ಕೆಳಗೆ ಬರುತ್ತದೆ, ಅದರ ಸೂಚನೆಗಳನ್ನು ಆಗ ಪ್ರತ್ಯೇಕವಾಗಿ ಓದಿಕೊಳ್ಳಿ. ದೇವಸ್ಥಾನ, ಮಸೀದಿ, ಚರ್ಚುಗಳನ್ನು ಚುನಾವಣಾ ಪ್ರಚಾರದ ವೇದಿಕೆಯಾಗಿ ಬಳಸಬಾರದೆಂದು ಮಾದರಿ ನೀತಿ ಸಂಹಿತೆ ಹೇಳುತ್ತದೆ, ಆದ್ದರಿಂದ ಬಾಡಿಗೆ ಕಡಿಮೆಯೆಂದು ದೇವಸ್ಥಾನದ ಸಭಾಂಗಣ ಹಿಡಿಯಬೇಡಿ. ಪೊಲೀಸರ ಮತ್ತು ಚುನಾವಣಾಧಿಕಾರಿಯ ಅನುಮತಿಯನ್ನು ಬರಹದಲ್ಲೇ ಪಡೆಯಿರಿ.

ಹಳೇ ಮೇಷ್ಟ್ರು, ತುಮಕೂರು

ವಕೀಲರೇ, ಆಸ್ತಿ ಮತ್ತು ಅಪರಾಧ ಪ್ರಕರಣಗಳ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದಂತೆ ಚುನಾವಣಾ ಆಯೋಗ ಚರ್ಚೆಯನ್ನೂ ಒಂದು ಆದೇಶದಿಂದ ಕಡ್ಡಾಯ ಮಾಡಬಹುದಲ್ಲವೇ?

ವಕೀಲರ ಮಾತು, ಧಾರವಾಡ

ಅಷ್ಟು ಸುಲಭವಲ್ಲ ಮೇಷ್ಟ್ರೇ. ಪ್ರಮಾಣಪತ್ರ ಬಂದದ್ದು ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದ, ಅಭ್ಯರ್ಥಿಯ ಬಗ್ಗೆ ತಿಳಿಯುವುದು ಮತದಾರನ ಹಕ್ಕು ಎಂಬ ನೆಲೆಯಲ್ಲಿ. ಆದರೆ ಅಭ್ಯರ್ಥಿಯನ್ನು ವೇದಿಕೆಗೆ ಬಂದು ಮಾತನಾಡೆಂದು ಬಲವಂತಪಡಿಸುವ ಕಲಮು ಇಂದಿನ ಕಾಯ್ದೆಯಲ್ಲಿಲ್ಲ. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಅಜಿತ್ ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಅವರು ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರಿಗೂ ಸಾರ್ವಜನಿಕ ಚರ್ಚೆಗೆ ಬರುವಂತೆ ಪತ್ರ ಬರೆದರು. ರಾಹುಲ್ ಗಾಂಧಿ ಒಪ್ಪಿದರು, ಬಿಜೆಪಿಯ ಯುವ ಮೋರ್ಚಾ ತನ್ನ ಉಪಾಧ್ಯಕ್ಷರ ಹೆಸರನ್ನು ಸೂಚಿಸಿತು, ಚರ್ಚೆ ನಡೆಯಲಿಲ್ಲ. ನಾವು ಆರಿಸುವುದು ನಮ್ಮ ಕ್ಷೇತ್ರದ ಪ್ರತಿನಿಧಿಯನ್ನು, ಆದ್ದರಿಂದ ದೊಡ್ಡ ನಾಯಕರ ಚರ್ಚೆಗಿಂತ ಕ್ಷೇತ್ರದ ಚರ್ಚೆಯೇ ನಮ್ಮ ಪದ್ಧತಿಗೆ ಸರಿಹೊಂದುತ್ತದೆಂದು ನನ್ನ ನಂಬಿಕೆ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ವಿಧಾನಸಭಾ ಚುನಾವಣೆಗಳಲ್ಲಿ ದೂರದರ್ಶನ ಮತ್ತು ಆಕಾಶವಾಣಿಯಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಉಚಿತ ಪ್ರಸಾರ ಸಮಯ ಕೊಡುವ ಆಯೋಗದ ಆದೇಶದಲ್ಲೇ, ಹೆಚ್ಚೆಂದರೆ ಎರಡು ಚರ್ಚೆಗಳನ್ನು ಏರ್ಪಡಿಸಲು ಅವಕಾಶವಿದೆ, ಪ್ರತಿ ಪಕ್ಷವೂ ಒಬ್ಬ ಪ್ರತಿನಿಧಿಯನ್ನು ಕಳುಹಿಸಬಹುದು. ಇರುವ ಈ ಅವಕಾಶದ ಬಗ್ಗೆ ಮೊದಲು ಕೇಳೋಣ.

ದೆಹಲಿಯಲ್ಲಿ ಓದಿದವ, ಕಲಬುರಗಿ

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಚರ್ಚೆ ಬಹುಕಾಲದಿಂದ ನಡೆಯುತ್ತ ಬಂದಿದೆ, ಅದನ್ನು ನಡೆಸುವವರೂ ವಿದ್ಯಾರ್ಥಿಗಳೇ. ಅಭ್ಯರ್ಥಿಗಳು ಪರಸ್ಪರ ಪ್ರಶ್ನೆ ಕೇಳುತ್ತಾರೆ, ಆಮೇಲೆ ಸಭಿಕರು ಕೇಳುತ್ತಾರೆ. ಡೋಲು, ಘೋಷಣೆ, ಗಲಾಟೆ ಎಲ್ಲವೂ ಇರುತ್ತದೆ, ಆದರೂ ಜನ ರಾತ್ರಿಯಿಡೀ ಹುಲ್ಲಿನ ಮೇಲೆ ಕುಳಿತು ಕೇಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಜನಕ್ಕೆ ಇದು ಒಗ್ಗುವುದಿಲ್ಲವೆಂಬ ಮಾತನ್ನು ಒಪ್ಪಲಾರೆ.

ಅರ್ಥಗಾರಿಕೆ ಪ್ರಿಯ, ಉಡುಪಿ

ಆ ಚರ್ಚೆಯಲ್ಲಿ ಅಭ್ಯರ್ಥಿಗಳು ಹೇಳಿದ್ದನ್ನು ಮರುವರ್ಷದ ಚುನಾವಣೆಯಲ್ಲಿ ಯಾರಾದರೂ ನೆನಪಿಸುತ್ತಿದ್ದರೇ? ಅದನ್ನು ತಿಳಿಯಬೇಕು.

ದೆಹಲಿಯಲ್ಲಿ ಓದಿದವ, ಕಲಬುರಗಿ

ಹೌದು, ಹಳೆಯ ಕರಪತ್ರಗಳನ್ನೇ ಎತ್ತಿ ಹಿಡಿದು ಕೇಳುತ್ತಿದ್ದರು.

ಅಂಕಿಅಂಶ ನೋಡುವವ, ಹುಬ್ಬಳ್ಳಿ

ಉಡುಪಿಯವರು ಸರಿಯಾದ ಜಾಗಕ್ಕೆ ಕೈಯಿಟ್ಟರು, ದಾಖಲೆಯೇ ಮುಖ್ಯ. 1858ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಸೆನೆಟ್ ಸ್ಥಾನಕ್ಕೆ ಸ್ಪರ್ಧಿಸಿದ್ದ ಲಿಂಕನ್ ಮತ್ತು ಡಗ್ಲಸ್ ಏಳು ಊರುಗಳಲ್ಲಿ ಚರ್ಚಿಸಿದರು, ಒಂದೊಂದೂ ಮೂರು ಗಂಟೆಯದು. ಒಬ್ಬರು 60 ನಿಮಿಷ ಮಾತನಾಡಿದರೆ ಇನ್ನೊಬ್ಬರು 90 ನಿಮಿಷ ಉತ್ತರಿಸುತ್ತಿದ್ದರು, ಮೊದಲನೆಯವರಿಗೆ ಮತ್ತೆ 30 ನಿಮಿಷ. ಸೆನೆಟ್ ಸ್ಥಾನ ಡಗ್ಲಸ್ ಪಾಲಾಯಿತು. ಆದರೆ ಶೀಘ್ರಲಿಪಿಕಾರರು ಬರೆದುಕೊಂಡು ಪತ್ರಿಕೆಗಳಲ್ಲಿ ಅಚ್ಚಾದ ಆ ಮಾತುಗಳನ್ನು ಲಿಂಕನ್ ಕತ್ತರಿಸಿ ಇಟ್ಟುಕೊಂಡು, 1860ರಲ್ಲಿ ಪುಸ್ತಕವಾಗಿ ಹೊರಬರುವಂತೆ ನೋಡಿಕೊಂಡರು. ಅದೇ ವರ್ಷ ಅವರು ಅಧ್ಯಕ್ಷರಾಗಿ ಆಯ್ಕೆಯಾದರು. ಬಡಾವಣೆಯವರೇ, 2023ರ ನಿಮ್ಮ ಸಭೆಯ ದಾಖಲೆ ಏನಾದರೂ ಉಳಿದಿದೆಯೇ?

ಬಡಾವಣೆಯ ಮತದಾರ, ಬೆಂಗಳೂರು

ನಮ್ಮ ಪಕ್ಕದ ಮನೆಯ ಹುಡುಗನ ಮೊಬೈಲಿನಲ್ಲಿ ಮುಕ್ಕಾಲು ಗಂಟೆಯ ವಿಡಿಯೊ ಇದೆ, ಆಮೇಲೆ ಕರೆಂಟು ಹೋಗಿ ಕತ್ತಲಾಗಿದೆ. ಆದರೆ ನಿಮ್ಮ ಪ್ರಶ್ನೆ ಓದಿದ ಮೇಲೆ ಬೀರುವಿನಿಂದ ಬೇರೊಂದನ್ನು ಹೊರತೆಗೆದೆ. ಅಂದು ಜನ ಬರೆದುಕೊಟ್ಟ ಪ್ರಶ್ನೆ ಚೀಟಿಗಳು, ಒಟ್ಟು 61. ರಾತ್ರಿ ಊಟವಾದ ಮೇಲೆ ನಾನೂ ನನ್ನ ಹೆಂಡತಿಯೂ ಅವನ್ನು ನೆಲದ ಮೇಲೆ ಹರಡಿ ವಿಂಗಡಿಸಿದೆವು. ಕಸ, ಬೀದಿದೀಪ, ಚರಂಡಿ, ಪಾದಚಾರಿ ಮಾರ್ಗ, ಉದ್ಯಾನದ ಗೇಟು, ಬೀದಿನಾಯಿ ಇವುಗಳ ಬಗ್ಗೆಯೇ 43 ಚೀಟಿಗಳಿದ್ದವು. ಇವು ಯಾವುವೂ ಶಾಸಕರ ನೇರ ಕೆಲಸವಲ್ಲ, ಪಾಲಿಕೆ ಸದಸ್ಯರವು. ಬೆಂಗಳೂರಿನಲ್ಲಿ ಪಾಲಿಕೆ ಚುನಾವಣೆ ಕಡೆಯ ಬಾರಿಗೆ ನಡೆದದ್ದು 2015ರಲ್ಲಿ, ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಕೇಳಬೇಕಾದವರೇ ಇಲ್ಲದ ಕಾರಣ ಜನ ಸಿಕ್ಕವರನ್ನು ಕೇಳಿದ್ದರು. ಆ ಮೂರನೆಯ ಅಭ್ಯರ್ಥಿ ಹೇಳಿದ್ದು ಇದನ್ನೇ, ನನಗೆ ಅರ್ಥವಾಗಲು ಇಷ್ಟು ದಿನ ಬೇಕಾಯಿತು.

ಆದ್ದರಿಂದ ಸಭೆ ಮಾಡುವುದೆಂದು ನಿರ್ಧರಿಸಿದ್ದೇವೆ. ಈಗ ನಗರಕ್ಕೆ ಐದು ಪಾಲಿಕೆಗಳಾಗಿವೆ, ವಾರ್ಡಿನ ಗಡಿಯೂ ಬದಲಾಗಿದೆ, ಯಾವ ಬೀದಿ ಎಲ್ಲಿ ಸೇರಿದೆ ಎಂಬುದನ್ನೇ ಮೊದಲು ಗುರುತಿಸಬೇಕಿದೆ. ಫಲಕದ ಹೆಸರು ತೆಗೆಯುತ್ತೇವೆ, ವಕೀಲರು ಹೇಳಿದ ಒಂದು ವಾಕ್ಯ ಓದುತ್ತೇವೆ.

ಮಾಜಿ ಪಂಚಾಯಿತಿ ಸದಸ್ಯೆ, ಹಾಸನ ಜಿಲ್ಲೆ

ಎರಡು ಸಣ್ಣ ಮಾತು. ಹೆಂಗಸರಿಗೆ ಮೊದಲ ಎರಡು ಸಾಲು ಬಿಡಿ, ಇಲ್ಲದಿದ್ದರೆ ಅವರ ಚೀಟಿಯೂ ಗಂಡಸರ ಕೈಯಿಂದಲೇ ಬರುತ್ತದೆ. ಅಭ್ಯರ್ಥಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಬೇಡಿ.

ಮಿಶಿಗನ್ ಕನ್ನಡತಿ

ಚೀಟಿಯ ನಮೂನೆಯನ್ನು ಕನ್ನಡದಲ್ಲಿ ಮಾಡಿ ಕಳುಹಿಸುತ್ತೇನೆ. ಮೇಲ್ಭಾಗದಲ್ಲಿ "ಈ ಕೆಲಸ ಯಾರದು: ಪಾಲಿಕೆ ಸದಸ್ಯರದೋ, ಶಾಸಕರದೋ, ಸಂಸದರದೋ" ಎಂಬ ಸಾಲೊಂದನ್ನು ಸೇರಿಸಲೇ?

ಬಡಾವಣೆಯ ಮತದಾರ, ಬೆಂಗಳೂರು

ಖಂಡಿತ ಸೇರಿಸಿ ಅಕ್ಕ. ಹಳೆಯ 43 ಚೀಟಿಗಳನ್ನು ಭಾನುವಾರ ಬೆಳಿಗ್ಗೆ ಉದ್ಯಾನದ ಬಳಿ ಬರೆದವರಿಗೇ ತೋರಿಸಿ, ಯಾವುದು ಇನ್ನೂ ಆಗಿಲ್ಲವೆಂದು ಗುರುತು ಹಾಕಿಸುತ್ತೇವೆ. ನೀರಿನ ಮೀಟರಿನ ಆ ತಾಯಿಯ ಮನೆಗೆ ನಿನ್ನೆ ಸಂಜೆಯೇ ಹೋಗಿಬಂದೆ. ಮುಳ್ಳು ಇನ್ನೂ ತಿರುಗಿಲ್ಲ.